ನಂಜನಗೂಡು: ಎರಡು ಕಾಡುಗಳ ನೀರು ಕೂಡುವ ಊರು

ಬೇಸಿಗೆಯ ರಜೆಗೋ ದಸರೆಗೋ ತಾಯ್ನಾಡಿಗೆ ಹೋಗಿಬರುವ ನಮ್ಮ ಚೆನ್ನೈ ಕನ್ನಡಿಗರ ಮಕ್ಕಳಿಗೆ ಈಚೆಗೆ ಹುಲಿಯನ್ನು ನೋಡುವ ಹಂಬಲ ಬಲವಾಗಿದೆ. ರಾತ್ರಿಯ ಕಾವೇರಿ ಎಕ್ಸ್‌ಪ್ರೆಸ್ಸಿನಲ್ಲಿ ಹೊರಟರೆ ಬೆಳಗಿಗೆ ಮೈಸೂರು. ಅಲ್ಲಿ ನೆಂಟರ ಮನೆಯಲ್ಲಿ ಮಿಂದು, ತಿಂಡಿ ಮುಗಿಸಿ, ಊಟಿಯ ರಸ್ತೆ ಹಿಡಿದರೆ ಮಧ್ಯಾಹ್ನದೊಳಗೆ ಬಂಡೀಪುರ. ನಡುವೆ, ಮೈಸೂರಿನಿಂದ ಸುಮಾರು 24 ಕಿಲೋಮೀಟರು ಕಳೆದ ಮೇಲೆ, ಒಂದು ಹೊಳೆಯೂ ಹೊಳೆಯಾಚೆ ಎತ್ತರದ ಗೋಪುರವೂ ಕಾಣುತ್ತವೆ. ಹಿರಿಯರು ಕಾರಿನ ಕಿಟಕಿಯಿಂದಲೇ ಕೈಮುಗಿಯುತ್ತಾರೆ, ಮಕ್ಕಳು “ಕಾಡು ಇನ್ನೆಷ್ಟು ದೂರ?” ಎಂದು ಕೇಳುತ್ತಾರೆ. ಹೀಗೆ ನಂಜನಗೂಡು ನಮ್ಮಲ್ಲಿ ಅನೇಕರಿಗೆ ದಾರಿಯ ಮೇಲಿನ ಊರಾಗಿಯೇ ಉಳಿದಿದೆ.

ಮಕ್ಕಳ ಪ್ರಶ್ನೆಗೆ ಸರಿಯಾದ ಉತ್ತರವೆಂದರೆ, ಕಾಡು ಇಲ್ಲಿಂದಲೇ ಮೊದಲಾಗುತ್ತದೆ ಎಂಬುದು. ಮರಗಳು ಕಾಣಬೇಕಾದರೆ ಇನ್ನೂ ಐವತ್ತು ಕಿಲೋಮೀಟರಿನಷ್ಟು ಹೋಗಬೇಕು, ನಿಜ. ಆದರೆ ಬಂಡೀಪುರ, ನಾಗರಹೊಳೆ ಎಂಬ ಎರಡು ರಾಷ್ಟ್ರೀಯ ಉದ್ಯಾನಗಳ ಚರಿತ್ರೆಯನ್ನು ಈ ಊರಿನ ಚರಿತ್ರೆಯಿಂದ ಬಿಡಿಸಿ ಓದಲು ಬರುವುದಿಲ್ಲ. ಇಲ್ಲಿನ ದೇವರಿಗೂ ಅಲ್ಲಿನ ಆನೆಗೂ, ಇಲ್ಲಿನ ಗದ್ದೆಗೂ ಅಲ್ಲಿ ಮುಳುಗಿದ ನೆಲಕ್ಕೂ ನಂಟುಂಟು. ಆ ನಂಟನ್ನು ಹೆಣೆದದ್ದು ನೀರು. ಅದೇ ನೀರಿನ ಒಂದಂಶ ಇಂದು ನಮ್ಮ ಚೆನ್ನೈಗೂ ಬರುತ್ತಿದೆ ಎಂಬುದನ್ನು ನೆನೆದರೆ, ಈ ಊರು ನಮಗೆ ಕೇವಲ ಯಾತ್ರಾಸ್ಥಳವಾಗಿ ಉಳಿಯುವುದಿಲ್ಲ.

ಮೊದಲು ನೀರಿನ ದಾರಿಯನ್ನು ನೋಡೋಣ. ಸರಕಾರದ ಕಾಗದದಲ್ಲಿ ಕಬಿನಿಯೆಂದೂ ಜನರ ಬಾಯಲ್ಲಿ ಕಪಿಲೆಯೆಂದೂ ಕರೆಸಿಕೊಳ್ಳುವ ಹೊಳೆ ವಯನಾಡಿನ ಮಳೆಗಾಡಿನಲ್ಲಿ ಹುಟ್ಟುತ್ತದೆ. ಅಲ್ಲಿಂದ ಹೆಗ್ಗಡದೇವನಕೋಟೆಯ ಸೀಮೆಗೆ ಇಳಿದು, ಒಂದು ದಡದಲ್ಲಿ ನಾಗರಹೊಳೆಯನ್ನೂ ಇನ್ನೊಂದು ದಡದಲ್ಲಿ ಬಂಡೀಪುರವನ್ನೂ ಇಟ್ಟುಕೊಂಡು ಹರಿಯುತ್ತದೆ. ಇನ್ನೊಂದು ಹೊಳೆ ಗುಂಡ್ಲು. ಪುರಾಣದಲ್ಲಿ ಅದಕ್ಕೆ ಕೌಂಡಿನ್ಯೆಯೆಂಬ ಹೆಸರು. ಅದು ಬಂಡೀಪುರದ ಕಡೆಯ ಬೆಟ್ಟಗಳಲ್ಲಿ ಹುಟ್ಟಿ, ಗುಂಡ್ಲುಪೇಟೆಯ ಬಯಲನ್ನು ದಾಟಿ ಬಡಗಣಕ್ಕೆ ಬರುತ್ತದೆ. ಇವೆರಡೂ ಕೂಡುವುದು ನಂಜನಗೂಡಿನ ಬಳಿ, ಪರಶುರಾಮ ಕ್ಷೇತ್ರದಲ್ಲಿ. ಸಂಗಮದ ಮೆಟ್ಟಿಲ ಮೇಲೆ ನಿಂತು ಬೊಗಸೆಯಲ್ಲಿ ನೀರು ತುಂಬಿಕೊಂಡರೆ ಎರಡು ಕಾಡುಗಳ ನೀರು ಒಟ್ಟಿಗೆ ಕೈಗೆ ಬಂದಂತೆ. ಗುಂಡ್ಲುಹೊಳೆ ವರ್ಷದ ಬಹುಭಾಗ ಬಡವಾಗಿಯೇ ಇರುತ್ತದೆ; ಕಪಿಲೆ ಮಾತ್ರ ಮುಂದೆ ತಿರುಮಕೂಡಲು ನರಸೀಪುರದಲ್ಲಿ ಕಾವೇರಿಯನ್ನು ಸೇರುತ್ತದೆ.

ಈ ಹೊಳೆಯ ದಂಡೆಯ ನಾಗರಿಕತೆ ಬಹು ಹಳೆಯದು. ಕ್ರಿ. ಶ. ಎರಡನೆಯ ಶತಮಾನದಲ್ಲಿ ಗ್ರೀಕ್ ಭೂಗೋಳಕಾರ ಟಾಲೆಮಿ ಬೆರಿಲ್ ಎಂಬ ಹಸುರು ರತ್ನ ದೊರೆಯುವ ಪುನ್ನಾಟವನ್ನು ಹೆಸರಿಸಿದ್ದಾನೆ. ಪುನ್ನಾಟದ ರಾಜಧಾನಿಯಾದ ಕಿತ್ತೀಪುರವು ಹೆಗ್ಗಡದೇವನಕೋಟೆ ತಾಲ್ಲೂಕಿನ ಕಪಿಲಾತೀರದ ಕಿತ್ತೂರೇ ಎಂದು ವಿದ್ವಾಂಸರು ಗುರುತಿಸಿದ್ದಾರೆ. ಮೈಸೂರು ಅರಸುಮನೆತನದ ಮೂಲಕಥೆಯಲ್ಲಿ 1399ರಲ್ಲಿ ಯದುರಾಯನ ಸಹಾಯ ಪಡೆದು ಅವನ ಕೈಹಿಡಿದ ರಾಜಕುಮಾರಿಯ ನಾಡಾದ ಹದಿನಾಡು ಇಂದಿನ ಹದಿನಾರು. ಅದು ನಂಜನಗೂಡು ತಾಲ್ಲೂಕಿನ ಒಂದು ಹಳ್ಳಿ. ವೀರಶೈವ ಪರಂಪರೆಯ ಸುತ್ತೂರು ಮಠವೂ ಇದೇ ತಾಲ್ಲೂಕಿನ ಕಪಿಲಾತೀರದಲ್ಲಿದೆ. ಕಾಡಿಗೂ ಅರಮನೆಗೂ ನಡುವೆ, ಎರಡನ್ನೂ ಬಲ್ಲ ಸೀಮೆ ಇದು.

ಊರಿನ ಹೆಸರು ಅಚ್ಚಗನ್ನಡದ್ದು. ನಂಜನ್ನು ಉಂಡವನು ನಂಜುಂಡ. ಅವನ ಗೂಡು ನಂಜನಗೂಡು. ಸಂಸ್ಕೃತದಲ್ಲಿ ಇದನ್ನೇ ಗರಳಪುರಿ ಎಂದರು. ಲೋಕದ ವಿಷವನ್ನು ತಾನು ನುಂಗಿ ಕಂಠದಲ್ಲಿ ತಡೆದ ದೇವರು ರೋಗಿಗಳಿಗೆ ವೈದ್ಯನಾದದ್ದು ಸಹಜವೇ. ಕಾಯಿಲೆ ಬಿದ್ದವರು ಇಲ್ಲಿಗೆ ಬಂದು ಕಪಿಲೆಯಲ್ಲಿ ಮಿಂದು, ಉರುಳುಸೇವೆ ಮಾಡಿ, ಮುಡಿ ಕೊಟ್ಟು ಹೋಗುವ ಪದ್ಧತಿ ತಲೆತಲಾಂತರದಿಂದ ನಡೆದುಬಂದಿದೆ. ಮೈಸೂರು, ಮಂಡ್ಯ, ಚಾಮರಾಜನಗರದ ಕಡೆಯ ಮನೆಗಳಲ್ಲಿ ನಂಜುಂಡ, ನಂಜಪ್ಪ, ನಂಜಮ್ಮ, ನಂಜುಂಡಸ್ವಾಮಿ ಎಂಬ ಹೆಸರುಗಳು ಎಷ್ಟಿವೆಯೆಂದು ಎಣಿಸಿದರೆ ಈ ದೇವರ ವ್ಯಾಪ್ತಿ ತಿಳಿಯುತ್ತದೆ.

ದೇವಾಲಯ ಮೊದಲು ಚಿಕ್ಕದಾಗಿತ್ತು. ಅದನ್ನು ಹಿಗ್ಗಿಸಿದವರಲ್ಲಿ ಮುಖ್ಯನು ಕರಾಚೂರಿ ನಂಜರಾಜಯ್ಯ. ಹದಿನೆಂಟನೆಯ ಶತಮಾನದ ನಡುಗಾಲದಲ್ಲಿ ಮೈಸೂರಿನ ಆಡಳಿತ ಹೆಸರಿಗೆ ಅರಸರದು, ಕೈವಾಡ ಕಳಲೆಯ ದಳವಾಯಿ ಮನೆತನದ್ದು. ಕಳಲೆ ಇರುವುದೂ ನಂಜನಗೂಡಿನ ಮಗ್ಗುಲಲ್ಲೇ. ನಂಜರಾಜಯ್ಯ ಯುದ್ಧಗಳಲ್ಲಿ ಹಣ ಕಳೆದನು, ಹೈದರನ ಕೈಯಲ್ಲಿ ಅಧಿಕಾರವನ್ನೂ ಕಳೆದುಕೊಂಡನು; ಆದರೆ ಕನ್ನಡದಲ್ಲಿ ಶಿವಪರವಾದ ಗ್ರಂಥಗಳನ್ನು ಬರೆದವನೆಂಬ ಕೀರ್ತಿ ಅವನಿಗೆ ಉಳಿಯಿತು. ಮುಂದೆ ದಿವಾನ್ ಪೂರ್ಣಯ್ಯನವರೂ ಗುಡಿಯನ್ನು ಬೆಳೆಸಿದರು. ಏಳು ನೆಲೆಯ, 120 ಅಡಿ ಎತ್ತರದ ಗೋಪುರವನ್ನು 1845ರಲ್ಲಿ ಕಟ್ಟಿಸಿದವರು ಮುಮ್ಮಡಿ ಕೃಷ್ಣರಾಜ ಒಡೆಯರ ರಾಣಿ. ಗುಡಿಯ ಉದ್ದ 385 ಅಡಿ, ಅಗಲ 160 ಅಡಿ, ಕಂಬಗಳು 147.

ಚೆನ್ನೈಯಿಂದ ಹೋದ ನಮಗೆ ಈ ಗುಡಿಯೊಳಗೆ ಒಂದು ಗುರುತಿನ ಸಾಲು ಕಾದಿರುತ್ತದೆ. ಅದು ಅರವತ್ತುಮೂವರು ಪುರಾತನರ ವಿಗ್ರಹಗಳ ಸಾಲು. ತಮಿಳರ ಅರವತ್ತುಮೂವರು ನಾಯನ್ಮಾರರೇ ನಮ್ಮ ಪುರಾತನರು. ಮೈಲಾಪುರದ ಕಪಾಲೀಶ್ವರನ ಪಂಗುನಿ ಉತ್ಸವದಲ್ಲಿ ಆ ಅರವತ್ತುಮೂವರ ಮೆರವಣಿಗೆಯನ್ನು ಮನೆಯ ಜಗುಲಿಯಿಂದ ನೋಡಿದ ಕನ್ನಡ ಕುಟುಂಬಗಳು ನಮ್ಮಲ್ಲಿ ಬಹಳವಿವೆ. ಹೆಚ್ಚುಕಡಿಮೆ ಅದೇ ಋತುವಿನಲ್ಲಿ, ಫಾಲ್ಗುಣ ಮಾಸದಲ್ಲಿ, ನಂಜನಗೂಡಿನ ದೊಡ್ಡ ಜಾತ್ರೆ ನಡೆಯುತ್ತದೆ. ಗಣಪತಿ, ಶ್ರೀಕಂಠೇಶ್ವರ, ಪಾರ್ವತಿ, ಸುಬ್ರಹ್ಮಣ್ಯ, ಚಂಡಿಕೇಶ್ವರ ಎಂಬ ಐವರ ಐದು ತೇರುಗಳು ಅಂದು ಬೀದಿಗೆ ಬರುತ್ತವೆ. ಅವುಗಳಲ್ಲಿ ದೊಡ್ಡದಕ್ಕೆ ಗೌತಮ ರಥವೆಂದು ಹೆಸರು. ಎರಡು ಊರು, ಎರಡು ನುಡಿ; ಭಕ್ತಿಯ ವಂಶಾವಳಿ ಒಂದೇ.

ಇನ್ನು ಆನೆಯ ಮಾತು. ಟಿಪ್ಪು ಸುಲ್ತಾನನ ಪಟ್ಟದಾನೆಗೆ ಕಣ್ಣಿನ ಬೇನೆ ಬಂದು, ನಂಜುಂಡನ ಸೇವೆಯಿಂದ ವಾಸಿಯಾಯಿತಂತೆ. ಸುಲ್ತಾನನು ಸಂತೋಷಗೊಂಡು ದೇವರನ್ನು ‘ಹಕೀಂ ನಂಜುಂಡ’ ಎಂದು ಕರೆದು, ಪಚ್ಚೆಯ ಲಿಂಗವನ್ನು ಒಪ್ಪಿಸಿದನೆಂಬ ಪ್ರತೀತಿ ಇದೆ. ಈ ಕಥೆಯನ್ನು ಮತಸಾಮರಸ್ಯಕ್ಕೆ ನಿದರ್ಶನವಾಗಿ ಹೇಳುವುದು ವಾಡಿಕೆ, ಅದು ತಕ್ಕದ್ದೇ. ನಾವು ಇದರಲ್ಲಿ ಇನ್ನೂ ಒಂದು ಸಂಗತಿಯನ್ನು ಕಾಣುತ್ತೇವೆ. ರಾಜ್ಯಕ್ಕೆ ಆನೆ ಅಷ್ಟು ಬೆಲೆಬಾಳುವ ಪ್ರಾಣಿಯಾಗಿತ್ತು. ಆ ಆನೆಗಳ ತವರು ಯಾವುದು? ಹೊಳೆಯ ಮೇಲ್ಗಡೆಯ ಕಾಕನಕೋಟೆಯ ಕಾಡು.

ಆ ಕಾಡಿನಲ್ಲಿ ಆನೆ ಹಿಡಿಯಲು ಹೈದರಾಲಿ ಸೈನ್ಯ ಸಮೇತನಾಗಿ ಯತ್ನಿಸಿ ಸೋತನೆಂದೂ, ಮುಂದೆ ಯಾರೂ ಈ ಸಾಹಸಕ್ಕೆ ಇಳಿಯಬಾರದೆಂದು ಶಾಪದ ಕಲ್ಲು ಹಾಕಿಸಿದನೆಂದೂ ಸ್ಯಾಂಡರ್ಸನ್ ಎಂಬ ಇಂಗ್ಲಿಷ್ ಅಧಿಕಾರಿ ತನ್ನ ಪುಸ್ತಕದಲ್ಲಿ ಬರೆದಿದ್ದಾನೆ. ಆ ಸ್ಯಾಂಡರ್ಸನ್ನೇ 1870ರ ದಶಕದಲ್ಲಿ ಚಾಮರಾಜನಗರದ ಸೀಮೆಯಲ್ಲಿ ಖೆಡ್ಡಾ ನಡೆಸಿ ಗೆದ್ದನು. ಮುಂದೆ ಕಾಕನಕೋಟೆಯ ಖೆಡ್ಡಾ ಜಗತ್ಪ್ರಸಿದ್ಧವಾಯಿತು. ತಮಟೆ, ಕೂಗು, ಬೆಂಕಿಗಳಿಂದ ಹಿಂಡನ್ನು ಕಾಡಿನಿಂದ ಎಬ್ಬಿಸಿ, ಕಪಿಲೆಯ ನೀರಿಗೆ ಇಳಿಸಿ, ಆಚೆಯ ದಡದ ಮರದ ಕೋಟೆಯೊಳಕ್ಕೆ ಅಟ್ಟುತ್ತಿದ್ದರು. ದೊರೆಗಳೂ ಅತಿಥಿಗಳೂ ಅಟ್ಟಣೆಯ ಮೇಲೆ ಕುಳಿತು ನೋಡುತ್ತಿದ್ದರು. ಆದರೆ ಆನೆಯ ಜಾಡನ್ನು ಓದಿದವರು, ಹಿಂಡಿನ ಮುಂದೆ ಹಿಂದೆ ಓಡಿದವರು, ಹಿಡಿದದ್ದನ್ನು ಪಳಗಿಸಿದವರು ಜೇನುಕುರುಬರು, ಕಾಡುಕುರುಬರು. ಅವರ ಹೆಸರುಗಳು ಯಾವ ಫಲಕದ ಮೇಲೂ ಇಲ್ಲ. ಮಾಸ್ತಿಯವರು ‘ಕಾಕನಕೋಟೆ’ ನಾಟಕದಲ್ಲಿ ಆ ಕುರುಬರನ್ನೇ ರಂಗಕ್ಕೆ ತಂದದ್ದು ಕನ್ನಡದ ಪುಣ್ಯ.

ಕೊನೆಯ ಖೆಡ್ಡಾ ನಡೆದದ್ದು 1971ರಲ್ಲಿ. ಅದಕ್ಕೆ ಮೂರು ವರ್ಷ ಮುಂಚೆ, 1968ರಲ್ಲಿ, ಕಾಕನಕೋಟೆಯಲ್ಲಿ ಸೆರೆಯಾದ ಒಂದು ಆನೆಯನ್ನು ನಮ್ಮ ಮಕ್ಕಳೂ ಬಲ್ಲರು. ಅರ್ಜುನನೆಂದು ಹೆಸರಾಗಿ, 2012ರಿಂದ 2019ರವರೆಗೆ ಮೈಸೂರು ದಸರೆಯ ಚಿನ್ನದ ಅಂಬಾರಿಯನ್ನು ಹೊತ್ತದ್ದು ಆ ಆನೆಯೇ. 2023ರ ಡಿಸೆಂಬರಿನಲ್ಲಿ ಸಕಲೇಶಪುರದ ಕಡೆ ಕಾಡಾನೆ ಹಿಡಿಯುವ ಕೆಲಸದಲ್ಲಿದ್ದಾಗ, ಮದಿಸಿದ ಕಾಡಾನೆಯೊಡನೆ ಕಾದಾಡಿ ಅದು ಮಡಿಯಿತು. ದೂರದರ್ಶನದ ಮುಂದೆ ಕುಳಿತು ಜಂಬೂಸವಾರಿ ನೋಡುವ ನಾವು, ಆ ಅಂಬಾರಿಯ ಕೆಳಗಿದ್ದ ಬೆನ್ನು ಕಪಿಲೆಯ ಕಾಡಿನಿಂದ ಬಂದದ್ದೆಂದು ಮಕ್ಕಳಿಗೆ ತಿಳಿಸಬೇಕು.

ಕಾಡನ್ನೂ ಅರಮನೆಯನ್ನೂ ಹೊಳೆ ಬೆಸೆದರೆ, ಹೊಳೆಯ ಎರಡು ದಡಗಳನ್ನು ಬೆಸೆದದ್ದು ಒಂದು ಸೇತುವೆ. ದಳವಾಯಿ ದೇವರಾಜಯ್ಯ 1735ರಲ್ಲಿ ಕಟ್ಟಿಸಿದ ಈ ಕಲ್ಲಿನ ಸೇತುವೆ ನಮ್ಮ ದೇಶದ ಬಲು ಹಳೆಯ ಸೇತುವೆಗಳ ಪೈಕಿ ಒಂದು. 1891ರಲ್ಲಿ ಮೈಸೂರಿನಿಂದ ನಂಜನಗೂಡಿಗೆ ರೈಲುಮಾರ್ಗ ತೆರೆಯಿತು. ಮುಂದೆ ಇದೇ ಸೇತುವೆಯ ಮೇಲೆ ರಸ್ತೆಯ ಪಕ್ಕದಲ್ಲೇ ಹಳಿಯೂ ಬಂತು. ಗಾಡಿಗಳಿಗೂ ಯಾತ್ರಿಕರಿಗೂ ಎಂದು ಕಟ್ಟಿದ ಕಮಾನುಗಳು ಉಗಿಬಂಡಿಯನ್ನೂ ಹೊತ್ತವು. 1920ರ ದಶಕದಲ್ಲಿ ಮಾರ್ಗ ಚಾಮರಾಜನಗರದವರೆಗೆ ಬೆಳೆಯಿತು. ಈಚೆಗೆ ಬ್ರಾಡ್‌ಗೇಜ್ ಹಾಕಿದಾಗ ರೈಲು ಹೊಸ ಸೇತುವೆಗೆ ಸರಿಯಿತು. ಹಳೆಯದು ಈಗ ಭಾರವಿಳಿಸಿದ ಹಿರಿಯನಂತೆ ನೀರಿನಲ್ಲಿ ಕಾಲೂರಿ ನಿಂತಿದೆ. ಹೊಸದರ ಮೇಲೆ ಹಾದುಹೋಗುವವರು ಒಮ್ಮೆ ಇಳಿದು ಅದರ ಕಮಾನುಗಳನ್ನು ಎಣಿಸಿ ನೋಡಬಹುದು.

ರೈಲು ಬಂದಂತೆ ಬೇಟೆಗಾರರೂ ಸುಲಭವಾಗಿ ಬಂದರು. ಕಾಡಿಗೆ ಕಾವಲು ಬೇಕಾಯಿತು. 1931ರಲ್ಲಿ, ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, ಬಂಡೀಪುರದ 90 ಚದರ ಕಿಲೋಮೀಟರು ಕಾಡನ್ನು ವೇಣುಗೋಪಾಲ ವನ್ಯಮೃಗ ಉದ್ಯಾನವೆಂದು ಕಾದಿಟ್ಟರು. ಆ ಹೆಸರು ಮೋಡ ಮುಸುಕಿದ ಗೋಪಾಲಸ್ವಾಮಿ ಬೆಟ್ಟದ ದೇವರದು. ನಾಗರಹೊಳೆ 1955ರಲ್ಲಿ ವನ್ಯಧಾಮವಾಯಿತು, 1988ರಲ್ಲಿ ರಾಷ್ಟ್ರೀಯ ಉದ್ಯಾನವಾಯಿತು. 1973ರಲ್ಲಿ ದೇಶದಲ್ಲಿ ಹುಲಿ ಯೋಜನೆ ಆರಂಭವಾದಾಗ ಮೊದಲ ಒಂಬತ್ತು ತಾಣಗಳಲ್ಲಿ ಬಂಡೀಪುರವೂ ಒಂದು. ಅದೇ 1973ರ ನವೆಂಬರ್ 1ರಂದು ನಮ್ಮ ರಾಜ್ಯಕ್ಕೆ ಕರ್ನಾಟಕವೆಂಬ ಹೆಸರು ಬಂತು. 1986ರಲ್ಲಿ ಈ ಕಾಡುಗಳು ತಮಿಳುನಾಡಿನ ಮುದುಮಲೆ, ಕೇರಳದ ವಯನಾಡುಗಳೊಡನೆ ನೀಲಗಿರಿ ಜೀವಮಂಡಲ ಪ್ರದೇಶದಲ್ಲಿ ಸೇರಿದವು. ಮೂರು ರಾಜ್ಯಗಳ ಗಡಿ ಮನುಷ್ಯರ ಭೂಪಟದಲ್ಲುಂಟು, ಆನೆಯ ಕಾಲುದಾರಿಯಲ್ಲಿಲ್ಲ.

ಇದರ ಜೊತೆಯಲ್ಲೇ ಇನ್ನೊಂದು ದೊಡ್ಡ ಬದಲಾವಣೆ ಆಯಿತು. 1974ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನ ಬೀಚನಹಳ್ಳಿಯ ಬಳಿ ಕಬಿನಿ ಅಣೆಕಟ್ಟು ಮುಗಿಯಿತು. ಸುಮಾರು 19.5 ಟಿ.ಎಂ.ಸಿ. ನೀರು ನಿಂತಿತು. ಕೆಳಗಿನ ನಂಜನಗೂಡು, ತಿರುಮಕೂಡಲು ನರಸೀಪುರಗಳ ಕಡೆಯ ಹೊಲಗಳಿಗೆ ನಾಲೆ ಬಂತು. ರಾಗಿ ಜೋಳ ಬೆಳೆಯುತ್ತಿದ್ದವರು ಭತ್ತ ಬೆಳೆದರು. ಮೇಲ್ಗಡೆ ಖೆಡ್ಡಾ ನಡೆದ ಕಾಡೂ, ಹಳ್ಳಿಗಳೂ, ಹೊಲಗಳೂ ನೀರಿನಡಿಗೆ ಹೋದವು. ಬೇಸಿಗೆಯಲ್ಲಿ ಹಿನ್ನೀರು ಇಳಿದಾಗ ಕೆಸರಿನ ಮೇಲೆ ಹಸಿಹುಲ್ಲು ಚಿಗುರುತ್ತದೆ. ನೂರಾರು ಆನೆಗಳು ಅಲ್ಲಿಗೆ ಮೇಯಲು ಬರುತ್ತವೆ. ಪ್ರವಾಸಿಗಳು ದೋಣಿಯಿಂದ ಚಿತ್ರ ತೆಗೆದುಕೊಳ್ಳುವ ಆ ಸುಂದರ ಬಯಲು ಒಬ್ಬರ ಮುಳುಗಿದ ಊರು. ಉದ್ಯಾನಗಳೊಳಗಿನ ಕುರುಬರ ಹಾಡಿಗಳನ್ನೂ ಹೊರಕ್ಕೆ ಸರಿಸಲಾಯಿತು. ಕಾಡಿನ ಮೇಲೆ ಅವರ ಹಕ್ಕನ್ನು ಕಾನೂನು ಒಪ್ಪಿದ್ದು 2006ರಲ್ಲಿ. ಒಪ್ಪಿದ ಹಕ್ಕು ಕೈಗೆ ಬರಲು ಅವರಲ್ಲಿ ಅನೇಕರು ಇನ್ನೂ ಕಚೇರಿಯಿಂದ ಕಚೇರಿಗೆ ಅಲೆಯುತ್ತಿದ್ದಾರೆ. ಊರು ಬಿಟ್ಟು ಬಂದವರ ಸಂಕಟ ನಮಗೆ ತಿಳಿಯದ್ದಲ್ಲ. ಆದರೆ ನಾವು ಉದ್ಯೋಗವನ್ನು ಅರಸಿ ಬಂದೆವು, ಬೇಕೆಂದಾಗ ಹೋಗಿ ನೋಡಬಹುದಾದ ಊರು ನಮಗುಂಟು. ಅವರಿಗೆ ಅದೂ ಇಲ್ಲ.

ಕಾಡನ್ನು ಕಾಯುವ ಕೆಲಸವೂ ಸುಲಭದ್ದಲ್ಲ. 2009ರಿಂದ ಬಂಡೀಪುರದ ಹೆದ್ದಾರಿಯಲ್ಲಿ ರಾತ್ರಿ 9 ಗಂಟೆಯಿಂದ ಬೆಳಗಿನ 6ರವರೆಗೆ ಸಾಮಾನ್ಯ ವಾಹನಗಳ ಸಂಚಾರ ನಿಷಿದ್ಧ. 2025ರ ಕೊನೆಯ ತಿಂಗಳುಗಳಲ್ಲಿ ಕಾಡಂಚಿನ ರೈತರು ಹುಲಿಗೆ ಬಲಿಯಾದಾಗ ಎರಡೂ ಉದ್ಯಾನಗಳಲ್ಲಿ ಸಫಾರಿಯನ್ನು ನಿಲ್ಲಿಸಲಾಯಿತು. ಹುಲಿ ಉಳಿಯಬೇಕು, ಹೊಲಕ್ಕೆ ಹೋದವನು ಸಂಜೆ ಮನೆಗೆ ಬರಲೂ ಬೇಕು. ಈ ಎರಡು ನ್ಯಾಯಗಳನ್ನು ತೂಗುವುದು ದೂರದಲ್ಲಿ ಕುಳಿತ ನಮಗೆ ಸಲೀಸಾಗಿ ಕಾಣಬಾರದು.

ಮತ್ತೆ ಊರಿಗೆ ಬರೋಣ. ವೈದ್ಯ ದೇವರ ಊರಿನಲ್ಲಿ ಔಷಧಿಯ ಉದ್ಯಮ ಬೆಳೆದದ್ದು ಸಹಜವೆನಿಸುತ್ತದೆ. 1913ರಲ್ಲಿ ಬಿ. ವಿ. ಪಂಡಿತರು ಇಲ್ಲಿ ಸದ್ವೈದ್ಯಶಾಲೆಯನ್ನು ಸ್ಥಾಪಿಸಿದರು. ಅಲ್ಲಿಂದ ಹೊರಟ ನಂಜನಗೂಡು ಹಲ್ಲುಪುಡಿ ಕನ್ನಡನಾಡಿನ ಬಚ್ಚಲುಮನೆಗಳನ್ನೆಲ್ಲ ಹೊಕ್ಕಿತು. ಪರವೂರಿಗೆ ಹೊರಟ ಮಗನ ಪೆಟ್ಟಿಗೆಯಲ್ಲಿ ತಾಯಂದಿರು ಉಪ್ಪಿನಕಾಯಿಯ ಜಾಡಿಯ ಪಕ್ಕದಲ್ಲಿ ಈ ಪೊಟ್ಟಣವನ್ನೂ ಇಡುತ್ತಿದ್ದುದನ್ನು ನಮ್ಮ ಹಿರಿಯ ಸದಸ್ಯರು ಬಲ್ಲರು. ಇನ್ನೊಂದು ಹೆಸರುವಾಸಿ ಪದಾರ್ಥ ರಸಬಾಳೆ. ಹೊಳೆಯ ಮಣ್ಣಿನ ಗುಣದಿಂದ ಬಂದ ಆ ಪರಿಮಳಕ್ಕೆ ಈಗ ಭೌಗೋಳಿಕ ಸೂಚಿಯ ಮನ್ನಣೆಯೂ ಇದೆ. ಆದರೆ ಪನಾಮಾ ಸೊರಗು ರೋಗ ತಗುಲಿ ತೋಟಗಳು ಅಳಿದವು. ಬೆಳೆಯುವವರು ಕೆಲವರೇ ಉಳಿದಿದ್ದಾರೆ. ಹೆಸರಿಗೆ ಮನ್ನಣೆ ಬರುವ ಹೊತ್ತಿಗೆ ಹಣ್ಣೇ ಅಪರೂಪವಾಯಿತು.

ಊರಿನ ಸುತ್ತ ಇಂದು ದೊಡ್ಡ ಕೈಗಾರಿಕಾ ಪ್ರದೇಶವಿದೆ. ಸಾವಿರಾರು ಮನೆಗಳ ಒಲೆ ಅದರಿಂದ ಉರಿಯುತ್ತಿದೆ. ಅದೇ ಹೊತ್ತಿಗೆ ಕಪಿಲೆಯ ನೀರು ಮಲಿನವಾಗುತ್ತಿದೆಯೆಂಬ ಕೊರಗೂ ಇದೆ. ಕಾರ್ಖಾನೆಯನ್ನಷ್ಟೇ ದೂರಿ ಫಲವಿಲ್ಲ. ಮಿಂದ ಮೇಲೆ ಉಟ್ಟ ಬಟ್ಟೆಯನ್ನು ಹೊಳೆಗೆ ಬಿಟ್ಟುಬರುವ ಯಾತ್ರಿಕರೂ ಇದ್ದಾರೆ. 2018ರಲ್ಲಿಯೂ 2019ರಲ್ಲಿಯೂ ವಯನಾಡಿನ ಮಳೆಗೆ ಅಣೆಕಟ್ಟು ತುಂಬಿ, ಕಪಿಲೆ ಉಕ್ಕಿ, ಊರಿನ ಬೀದಿಗಳಿಗೂ ಮೈಸೂರಿನ ಹೆದ್ದಾರಿಗೂ ನೀರು ನುಗ್ಗಿತ್ತು. ದೇವರು ಒಮ್ಮೆ ನಂಜನ್ನು ನುಂಗಿದನೆಂದು ಹೊಳೆಯೂ ಅದನ್ನು ದಿನವೂ ನುಂಗಬೇಕೆಂದು ಬಯಸುವುದು ಭಕ್ತಿಯಲ್ಲ.

ಈ ಸೀಮೆಯ ನುಡಿಯ ಮಾತನ್ನೂ ಹೇಳಬೇಕು. ದೇವನೂರ ಮಹಾದೇವರ ಹುಟ್ಟೂರು ದೇವನೂರು ಇದೇ ತಾಲ್ಲೂಕಿನದು. ಅವರ ‘ಕುಸುಮಬಾಲೆ’ಗೆ 1990ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂದಾಗ, ಪುಸ್ತಕದ ಕನ್ನಡವೊಂದೇ ಕನ್ನಡವೆಂದು ತಿಳಿದವರಿಗೆ ಇಲ್ಲಿನ ಹಟ್ಟಿಯ ಮಾತು ಎಂಥ ಕಾವ್ಯವನ್ನು ಅಡಗಿಸಿಕೊಂಡಿದೆಯೆಂದು ತಿಳಿಯಿತು. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತಮಿಳು, ಶಾಲೆಯಲ್ಲಿ ಇಂಗ್ಲಿಷು ಆಡುವ ನಮ್ಮ ಮಕ್ಕಳು ಇಲ್ಲಿನ ಸಂತೆಯಲ್ಲಿ ಒಂದು ಗಂಟೆ ನಿಂತರೆ, ಬಾಲಬೋಧೆಯಲ್ಲಿಲ್ಲದ ಕನ್ನಡ ಕಿವಿಗೆ ಬೀಳುತ್ತದೆ.

ಈಗ ನೀರು ನಮ್ಮ ಬಾಗಿಲಿಗೆ ಬರುವ ಕಥೆ. 1956ರ ನವೆಂಬರ್ 1ರವರೆಗೆ ವಯನಾಡು ಮದರಾಸು ರಾಜ್ಯದ ಮಲಬಾರ್ ಜಿಲ್ಲೆಯಲ್ಲಿತ್ತು. ಅಂದರೆ ಕಪಿಲೆ ಮದರಾಸಿನ ನೆಲದಲ್ಲಿ ಹುಟ್ಟಿ, ಮೈಸೂರನ್ನು ಹಾದು, ಕಾವೇರಿಯೊಡನೆ ಮತ್ತೆ ಮದರಾಸಿಗೆ ಹೋಗುತ್ತಿತ್ತು. ನಾವು ರಾಜ್ಯೋತ್ಸವವೆಂದು ಆಚರಿಸುವ ಆ ದಿನ ವಯನಾಡು ಕೇರಳಕ್ಕೆ ಸೇರಿತು. ಮದರಾಸಿನ ಕೊಯಮತ್ತೂರು ಜಿಲ್ಲೆಯಲ್ಲಿದ್ದ ಕೊಳ್ಳೇಗಾಲ ಮೈಸೂರಿಗೆ ಬಂತು. ನೆಲದ ಗೆರೆಗಳು ಬದಲಾದವು, ನೀರು ಹಳೆಯ ದಾರಿಯಲ್ಲೇ ಹರಿಯಿತು. ವಯನಾಡಿನಲ್ಲಿ ಮಳೆ ಹೊಡೆದ ವರ್ಷ ಕಬಿನಿ ಬೇಗ ತುಂಬುತ್ತದೆ. ಬಿಟ್ಟ ನೀರು ನಂಜನಗೂಡಿನ ಮೆಟ್ಟಿಲು ತೊಳೆದು ಮೆಟ್ಟೂರಿಗೆ ಹೋಗುತ್ತದೆ. ಅಲ್ಲಿಂದ ಮುಂದೆ ಕೊಳ್ಳಿಡದ ಮೂಲಕ ಚೋಳರ ಕಾಲದ ವೀರಾಣಂ ಕೆರೆಗೆ ಕಾವೇರಿಯ ನೀರು ಸೇರುತ್ತದೆ. 2004ರಿಂದ ಆ ಕೆರೆಯ ನೀರು ಕೊಳವೆಗಳಲ್ಲಿ ಚೆನ್ನೈಗೆ ಬರುತ್ತಿದೆ.

ಕಾವೇರಿಯ ವ್ಯಾಜ್ಯ ಎದ್ದಾಗಲೆಲ್ಲ ನಾವು ತವರಿಗೂ ಗಂಡನ ಮನೆಗೂ ನಡುವೆ ನಿಂತ ಹೆಣ್ಣುಮಕ್ಕಳಂತೆ ಆಗುತ್ತೇವೆ. ಯಾರ ಪರ ಎಂದು ಇಬ್ಬರೂ ಕೇಳುತ್ತಾರೆ. 1924ರ ಒಪ್ಪಂದದಿಂದ 2018ರ ಸರ್ವೋಚ್ಚ ನ್ಯಾಯಾಲಯದ ತೀರ್ಪಿನವರೆಗೆ ಹಂಚಿಕೆಯ ಲೆಕ್ಕ ನಡೆದೇ ಇದೆ. ಅದನ್ನು ಬಲ್ಲವರು ನಡೆಸಲಿ. ನಾವು ಹೇಳಬಹುದಾದ ಮಾತು ಒಂದುಂಟು. ಹಂಚಿಕೊಳ್ಳಬೇಕಾದರೆ ಮೊದಲು ಹೊಳೆಯಲ್ಲಿ ನೀರಿರಬೇಕು. ನೀರಿರಬೇಕಾದರೆ ಮೇಲೆ ಕಾಡಿರಬೇಕು. ಈ ಮಾತಿಗೆ ಕನ್ನಡಿಗರೂ ತಮಿಳರೂ ಮಲೆಯಾಳಿಗಳೂ ಒಟ್ಟಿಗೆ ತಲೆದೂಗಬಹುದು.

ಆದ್ದರಿಂದ ಮುಂದಿನ ರಜೆಯಲ್ಲಿ ಬಂಡೀಪುರಕ್ಕೋ ನಾಗರಹೊಳೆಗೋ ಹೊರಡುವ ಬಂಧುಗಳಲ್ಲಿ ನಮ್ಮ ಬಿನ್ನಹ ಇಷ್ಟೇ. ನಂಜನಗೂಡಿಗೆ ಅರ್ಧ ದಿನವನ್ನಾದರೂ ಕೊಡಿ. ಬೆಳಗಿನ ಹೊತ್ತು ಗುಡಿಯನ್ನು ನೋಡಿ, ಅರವತ್ತುಮೂವರ ಸಾಲಿನ ಮುಂದೆ ಮಕ್ಕಳನ್ನು ನಿಲ್ಲಿಸಿ ಮೈಲಾಪುರವನ್ನು ನೆನಪಿಸಿ. 1735ರ ಸೇತುವೆಯನ್ನು ತೋರಿಸಿ. ಸಂಗಮಕ್ಕೆ ಹೋಗಿ, ಎರಡು ಹೊಳೆಗಳು ಎಲ್ಲಿಂದ ಬಂದವೆಂದು ಹೇಳಿ. ರಸಬಾಳೆ ಸಿಕ್ಕರೆ ಬೆಲೆ ಕೇಳಿ ಹಿಂದೆಗೆಯದೆ ಕೊಳ್ಳಿ; ಕೊಳ್ಳುವವರಿದ್ದರೆ ಬೆಳೆಯುವವರು ಉಳಿಯುತ್ತಾರೆ. ಆಮೇಲೆ ಕಾಡಿಗೆ ಹೋಗಿ. ಅಲ್ಲಿನ ಅಂದಂದಿನ ನಿಯಮಗಳನ್ನು ಮುಂಚೆಯೇ ವಿಚಾರಿಸಿಕೊಂಡಿರಿ. ಹುಲಿ ಕಾಣುವುದು ಅದೃಷ್ಟದ ಮಾತು. ಕಾಣದಿದ್ದರೂ ಮಕ್ಕಳು ಬರಿಗೈಯಲ್ಲಿ ಹಿಂದಿರುಗುವುದಿಲ್ಲ. ತಮ್ಮ ಮನೆಯ ನೀರು ಯಾವ ಕಾಡಿನಿಂದ, ಯಾರ ಊರಿನ ಮೇಲಿನಿಂದ ಹರಿದು ಬರುತ್ತದೆಯೆಂಬುದನ್ನು ಅರಿತು ಬರುತ್ತಾರೆ.